ಮೂರ್ಛೆರೋಗವೂ ಹೃದಯವೂ

ಮೂರ್ಛೆರೋಗವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಸೆಟೆದ ಕೈಕಾಲು, ಬಾಯ ನೊರೆ, ಸುತ್ತ ನೆರೆದ ಜನ. ಬೆಳಗಾವಿಯ ಅನಗೋಳದಲ್ಲಿ ಕನ್ನಡದ ಮನೆಯವರು ಮೂರ್ಛೆಬೇನೆಯೆಂದರೆ ನೆರೆಯ ಮರಾಠಿ ಮನೆಯವರು ಫೇಫರೆ ಎನ್ನುವರು. ಹೆಸರು ಬೇರೆಯಾದರೂ ಉಪಚಾರವೊಂದೇ: ಅಂಗೈಯಲ್ಲಿ ಬೀಗದ ಕೈ ಇಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು. ಸೆಳೆತವು ತಾನಾಗಿ ನಿಲ್ಲುವುದು. ಕೀರ್ತಿಯು ಉಳ್ಳಾಗಡ್ಡಿಗೆ ಸಲ್ಲುವುದು! ಬಳಿಕ ರೋಗಿಯನ್ನು ಮಲಗಿಸಿ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ತೆರಳುವರು. ನಾವು ಹೇಳಬೇಕೆಂದಿರುವುದು ಆ ಮೇಲಿನ ಕೆಲವು ನಿಮಿಷಗಳ ವಿಷಯವನ್ನೇ.

ಹೃದಯದ ಬಡಿತ, ಉಸಿರು, ಬೆವರು, ಜೀರ್ಣಕ್ರಿಯೆ ಇವು ನಮ್ಮ ಅಪ್ಪಣೆಯನ್ನು ಕಾಯುವುದಿಲ್ಲ. ಇವನ್ನು ನಡೆಯಿಸಲು ಮಜ್ಜಾತಂತುಗಳ, ಅಂದರೆ ನರಗಳ, ಬೇರೊಂದು ವ್ಯೂಹವೇ ಉಂಟು. ಅದರ ಒಂದು ಭಾಗವು ಹೃದಯಕ್ಕೆ ಚಾವಟಿಯಂತೆ, ಇನ್ನೊಂದು ಕಡಿವಾಣದಂತೆ. ಮೂರ್ಛೆಯ ವಿದ್ಯುತ್ಕ್ಷೋಭೆಯು ಮಿದುಳಿನಲ್ಲಿ ಈ ವ್ಯೂಹವನ್ನಾಳುವ ಸ್ಥಾನಗಳಿಗೂ ಹಬ್ಬಬಲ್ಲುದು. ಆದುದರಿಂದಲೇ ಕೆಲವರಿಗೆ ಸೆಳೆತಕ್ಕೆ ಮೊದಲು ಹೊಟ್ಟೆಯಿಂದ ಏನೋ ಮೇಲೆದ್ದಂತಾಗುವುದು, ರೋಮಾಂಚವಾಗುವುದು, ಮುಖ ಬಿಳಿಚುವುದು. ಸೆಳೆತದ ಕಾಲದಲ್ಲಿ ಬಹುಜನರ ನಾಡಿಯು ನಿಮಿಷಕ್ಕೆ 100ನ್ನು ಮೀರಿ ಓಡುವುದು.

ಇದಕ್ಕೆ ವಿಪರೀತವಾಗಿ ಹೃದಯವು ಕೆಲವು ಕ್ಷಣ ನಿಲ್ಲುವುದೂ ಉಂಟು, ಆದರೆ ಅಪರೂಪ. 1906ರಲ್ಲಿಯೇ ರಸೆಲ್ ಎಂಬ ಆಂಗ್ಲ ವೈದ್ಯರು ಮೂರ್ಛೆಯ ಆರಂಭದಲ್ಲಿ ನಾಡಿ ನಿಂತುದನ್ನು ಬರೆದಿಟ್ಟಿದ್ದರು. ಹೆಚ್ಚಿನ ಭಯವಿರುವುದು ಸೆಳೆತ ಮುಗಿದ ಮೇಲೆ. ಆಸ್ಪತ್ರೆಗಳಲ್ಲಿ ಯಂತ್ರಗಳ ಕಾವಲಿನಲ್ಲಿರುವಾಗಲೇ ಹಠಾತ್ತಾಗಿ ತೀರಿಕೊಂಡ ಮೂರ್ಛೆರೋಗಿಗಳ ದಾಖಲೆಗಳನ್ನು ವಿದ್ವಾಂಸರು ಕೂಡಿಸಿ 2013ರಲ್ಲಿ ಪ್ರಕಟಿಸಿದರು. ಬಹುತೇಕ ಸಾವುಗಳು ರಾತ್ರಿಯಲ್ಲಿ ಆದವು. ದೊಡ್ಡ ಸೆಳೆತವಾದ ಕೆಲವೇ ನಿಮಿಷಗಳಲ್ಲಿ ಉಸಿರೂ ಹೃದಯವೂ ಒಟ್ಟಿಗೆ ಕುಗ್ಗಿದ್ದವು. ಕೊನೆಗೆ ಮೊದಲು ನಿಂತುದು ಉಸಿರು, ಅನಂತರ ಹೃದಯ. ಬೋರಲಾಗಿ ಮಲಗಿದ್ದವರೇ ಹೆಚ್ಚು. ಪ್ರಾಯದ ರೋಗಿಗಳಲ್ಲಿ ವರ್ಷಕ್ಕೆ ಸಾವಿರದಲ್ಲಿ ಸುಮಾರು ಒಬ್ಬರಿಗೆ ಇಂಥ ಮರಣವು ಬರುವುದೆಂದು ಲೆಕ್ಕ. ದೊಡ್ಡ ಸೆಳೆತಗಳು ಹತೋಟಿಗೆ ಬಾರದವರಿಗೆ ಅಪಾಯ ಹೆಚ್ಚು. ಹತೋಟಿಗೆ ಬಂದವರಿಗೆ ಬಹಳ ಕಡಿಮೆ. ಎರಡು ತಿಂಗಳು ಸೆಳೆತ ಬರಲಿಲ್ಲವೆಂದು ಗುಳಿಗೆಯನ್ನು ತಾವೇ ನಿಲ್ಲಿಸುವವರನ್ನು ಕಂಡರೆ ನಮಗೆ ದಿಗಿಲಾಗುವುದು ಇದಕ್ಕಾಗಿಯೇ.

ಇನ್ನೊಂದು ಮಾತು. ಹೃದಯದ ಬಡಿತವೇ ತಪ್ಪಿ, ಮಿದುಳಿಗೆ ರಕ್ತ ಸಾಲದೆ ಬಿದ್ದವನಿಗೂ ಕೈಕಾಲು ಅದುರಬಹುದು. ನೋಡಿದವರು ಮೂರ್ಛೆರೋಗವೆಂದೇ ತಿಳಿಯುವರು. ಓಡುವಾಗ ಅಥವಾ ಬೆದರಿದಾಗ ಬೀಳುವ ಮಗುವಿಗೆ, ಹಠಾತ್ ಮರಣವಾದ ಮನೆತನದವರಿಗೆ ಇ.ಸಿ.ಜಿ. ಪರೀಕ್ಷೆಯನ್ನು ಮಾಡಿಸಲೇಬೇಕು. ಅದಕ್ಕೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ಬೆಳಗಾವಿಯ ಜಿಲ್ಲಾಸ್ಪತ್ರೆಯಲ್ಲಿಯೇ ಆಗುವುದು.

ಬೆಂಗಳೂರು ಪಟ್ಟಣದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಲಕ್ಷಕ್ಕೆ ಮಿಕ್ಕ ಜನರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಗಣತಿಯಂತೆ ಸಾವಿರಕ್ಕೆ ಸುಮಾರು 9 ಜನರಿಗೆ ಈ ರೋಗವುಂಟು; ಹಳ್ಳಿಗಳಲ್ಲಿ ಪಟ್ಟಣದ ಇಮ್ಮಡಿ. ಖಾನಾಪುರದ ಕಾಡಂಚಿನ ಊರುಗಳಿಂದ ನಡುರಾತ್ರಿ ವೈದ್ಯರನ್ನು ತಲುಪುವುದು ಸುಲಭವಲ್ಲ. ಆದುದರಿಂದ ಮನೆಯವರೇ ಕಲಿತಿರಬೇಕು. ಬಾಯಿಗೆ ಚಮಚ, ನೀರು ಏನನ್ನೂ ಹಾಕಕೂಡದು. ಕೈಕಾಲನ್ನು ಅದುಮಿ ಹಿಡಿಯಕೂಡದು. ಸೆಳೆತ ನಿಂತೊಡನೆ ಮಗ್ಗುಲಾಗಿ ಮಲಗಿಸಿ, ಮುಖವು ದಿಂಬಿನಲ್ಲಿ ಹುದುಗದಂತೆ ನೋಡಿ, ಎಚ್ಚರಗೊಳ್ಳುವವರೆಗೆ ಪಕ್ಕದಲ್ಲಿ ಕುಳಿತು ಎದೆಯ ಏರಿಳಿತವನ್ನು ಗಮನಿಸತಕ್ಕದ್ದು. ಉಸಿರಾಟ ಕಾಣದಿದ್ದರೆ, ಸೆಳೆತವು 5 ನಿಮಿಷವನ್ನು ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೊಂದು ಬಂದರೆ ತಡಮಾಡದೆ 108ಕ್ಕೆ ಕರೆಮಾಡಬೇಕು.