ಕುಲಪತಿಗಳೇ, ಒಂದು ಓಲೆ ಬರೆಯಿರಿ

2025ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಹೊರಟ ಸುದ್ದಿಯೊಂದು ರಾಜ್ಯದ ಹಲವು ಜಿಲ್ಲೆಗಳ ವಿದ್ಯಾರ್ಥಿಗಳನ್ನು ಕಂಗೆಡಿಸಿತು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಚಿವ ಸಂಪುಟ ಉಪಸಮಿತಿಯು ಹಿಂದಿನ ಸರ್ಕಾರದ ಕಾಲದ ಹತ್ತು ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವುದು ಲೇಸೆಂಬ ಅಭಿಪ್ರಾಯಕ್ಕೆ ಬಂದಿತ್ತು. ಹಾಸನ, ಹಾವೇರಿ, ಕೊಪ್ಪಳ, ಕೊಡಗು, ಬಾಗಲಕೋಟೆ, ಚಾಮರಾಜನಗರ, ಮಂಡ್ಯ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಉಳಿದುಕೊಂಡ ಹತ್ತನೆಯದು ಬೀದರ್ ವಿಶ್ವವಿದ್ಯಾಲಯ. ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2023ರಲ್ಲಿ ಕಾರ್ಯಾರಂಭ ಮಾಡಿದ ಈ ಸಂಸ್ಥೆಯ ನೆಲೆ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿ.

ಪಟ್ಟಿಯಿಂದ ಹೊರಗುಳಿದದ್ದಕ್ಕೆ ಬೀದರ್ ಜಿಲ್ಲೆ ಸಮಾಧಾನ ಪಟ್ಟುಕೊಂಡಿದ್ದರೆ ಅದು ಸಹಜ. ಆದರೆ ಆ ದಿನಗಳು ಎತ್ತಿದ ಪ್ರಶ್ನೆ ಒಂದು ಜಿಲ್ಲೆಗೆ ಸೀಮಿತವಾದುದಲ್ಲ. ತಾನು ಓದುತ್ತಿರುವ ವಿಶ್ವವಿದ್ಯಾಲಯ ಇರುತ್ತದೆಯೋ ಇಲ್ಲವೋ, ಪದವಿ ಪ್ರಮಾಣಪತ್ರದ ಮೇಲೆ ಯಾರ ಮುದ್ರೆ ಬೀಳುತ್ತದೆ, ಮುಂದಿನ ಸೆಮಿಸ್ಟರಿನ ಪರೀಕ್ಷೆ ಯಾರು ನಡೆಸುತ್ತಾರೆ ಎಂದು ಇಪ್ಪತ್ತರ ಹರೆಯದ ವಿದ್ಯಾರ್ಥಿಯೊಬ್ಬಳಿಗೆ ಅನುಮಾನ ಬಂದಾಗ ಅವಳಿಗೆ ಉತ್ತರ ಹೇಳಬೇಕಾದವರು ಯಾರು? ಪತ್ರಿಕೆಗಳೇ? ದೂರದರ್ಶನದ ಚರ್ಚಾಗೋಷ್ಠಿಗಳೇ? ಮೊಬೈಲಿನಿಂದ ಮೊಬೈಲಿಗೆ ಹಾರುವ ವದಂತಿಗಳೇ? ಅಥವಾ ಆ ವಿಶ್ವವಿದ್ಯಾಲಯದ ಮುಖ್ಯಸ್ಥರೇ?

ವಿದೇಶಗಳ, ಅದರಲ್ಲೂ ಅಮೆರಿಕದ, ವಿಶ್ವವಿದ್ಯಾಲಯಗಳಲ್ಲಿ ಅಧ್ಯಕ್ಷರು ತಮ್ಮ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ಮತ್ತು ಸಿಬ್ಬಂದಿಗೆ ನಿಯಮಿತವಾಗಿ ಪತ್ರ ಬರೆಯುವ ಪದ್ಧತಿಯಿದೆ. ಶೈಕ್ಷಣಿಕ ವರ್ಷದ ಆರಂಭ, ಶುಲ್ಕದ ಏರಿಕೆ, ಆವರಣದಲ್ಲಿ ನಡೆದ ಅವಘಡ, ಸರ್ಕಾರದ ಹೊಸ ಕಾನೂನು ಹೀಗೆ ಯಾವುದೇ ಮಹತ್ವದ ಸಂಗತಿಯನ್ನು ಮೊದಲು ತಿಳಿಸುವವರು ಅವರೇ. ನಮ್ಮಲ್ಲಿ ಆ ಸ್ಥಾನವನ್ನು ಸುತ್ತೋಲೆ ತುಂಬಿದೆ. ‘ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ’ ಎಂದು ಆರಂಭವಾಗಿ, ಕುಲಸಚಿವರ ಸಹಿಯೊಂದಿಗೆ ಮುಗಿಯುವ ಆ ಕಾಗದದಲ್ಲಿ ಮಾತನಾಡುವವರು ಯಾರು, ಕೇಳಿಸಿಕೊಳ್ಳುವವರು ಯಾರು ಎಂಬುದೇ ಗೊತ್ತಾಗುವುದಿಲ್ಲ. ಸುತ್ತಿ ಬರುವ ಓಲೆಯೇ ಸುತ್ತೋಲೆ. ಇಂದು ಅದರಲ್ಲಿ ಸುತ್ತು ಉಳಿದಿದೆ, ಓಲೆ ಕಳೆದುಹೋಗಿದೆ.

ವಿಪರ್ಯಾಸವೆಂದರೆ, ಬೀದರ್ ಓಲೆಗಳಿಗೆ ಅಪರಿಚಿತವಾದ ಊರಲ್ಲ. ಬೀದರ್ ನಗರದ ನಡುವೆ ಇಂದಿಗೂ ಭಗ್ನ ಗಾಂಭೀರ್ಯದಿಂದ ನಿಂತಿರುವ ಮದರಸಾವನ್ನು 1472ರಲ್ಲಿ ಕಟ್ಟಿ ಮುಗಿಸಿದವನು ಬಹಮನಿ ಸಾಮ್ರಾಜ್ಯದ ಪ್ರಧಾನಿ ಮಹಮೂದ್ ಗವಾನ್. ಮೂರು ಅಂತಸ್ತಿನ ಆ ವಿದ್ಯಾಕೇಂದ್ರದ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಪರ್ಷಿಯಾದ ಗಿಲಾನ್ ಪ್ರಾಂತ್ಯದಿಂದ ವ್ಯಾಪಾರಿಯಾಗಿ ಬಂದ ಗವಾನ್ ತನ್ನ ಕಾಲದ ದೊಡ್ಡ ಪತ್ರಲೇಖಕನೂ ಆಗಿದ್ದ. ಅವನ ಪತ್ರಗಳು ‘ರಿಯಾಜುಲ್ ಇನ್ಶಾ’ ಎಂಬ ಸಂಕಲನವಾಗಿ ಉಳಿದು ಬಂದಿವೆ. ಪತ್ರ ಬರೆಯುವ ಕಲೆಯನ್ನು ಕುರಿತೇ ಅವನು ‘ಮನಾಜಿರುಲ್ ಇನ್ಶಾ’ ಎಂಬ ಶಾಸ್ತ್ರಗ್ರಂಥವನ್ನೂ ರಚಿಸಿದ. ಹೆರಾತಿನ ಮಹಾಕವಿ ಜಾಮಿಯೊಂದಿಗೆ, ತುರ್ಕಿಯ ಸುಲ್ತಾನನೊಂದಿಗೆ ಅವನ ಪತ್ರವ್ಯವಹಾರವಿತ್ತು. ಬೀದರಿಗೆ ಜಗತ್ತಿನ ವಿದ್ವತ್ತು ಹರಿದು ಬಂದ ದಾರಿಗಳಲ್ಲಿ ಪತ್ರವೂ ಒಂದು.

ಅದೇ ಗವಾನನ ಪ್ರಾಣವನ್ನು ತೆಗೆದುಕೊಂಡದ್ದೂ ಒಂದು ಪತ್ರವೇ. ಅವನ ಏಳಿಗೆಯನ್ನು ಸಹಿಸದ ಆಸ್ಥಾನಿಕರು ಅವನ ಮುದ್ರೆಯನ್ನು ಕಾಯುತ್ತಿದ್ದವನನ್ನು ಒಲಿಸಿಕೊಂಡು ಖಾಲಿ ಹಾಳೆಯೊಂದರ ಮೇಲೆ ಮುದ್ರೆ ಒತ್ತಿಸಿಕೊಂಡರು. ಮುದ್ರೆಯ ಮೇಲ್ಭಾಗದಲ್ಲಿ, ಒಡಿಶಾದ ಅರಸನನ್ನು ದಂಡಯಾತ್ರೆಗೆ ಆಹ್ವಾನಿಸುವ ರಾಜದ್ರೋಹದ ಒಕ್ಕಣೆಯನ್ನು ತಾವೇ ತುಂಬಿದರು. ಸುಲ್ತಾನ ಮೂರನೇ ಮಹಮ್ಮದ್ ವಿಚಾರಣೆಯ ಗೋಜಿಗೇ ಹೋಗದೆ 1481ರ ಏಪ್ರಿಲ್‌ನಲ್ಲಿ ವೃದ್ಧ ಪ್ರಧಾನಿಯ ಶಿರಚ್ಛೇದ ಮಾಡಿಸಿದ. ಸತ್ಯ ತಿಳಿದು ಪರಿತಪಿಸಿದ ಸುಲ್ತಾನನೂ ಮರುವರ್ಷ ತೀರಿಕೊಂಡ. ಆ ಬಳಿಕ ಬಹಮನಿ ರಾಜ್ಯ ಚೇತರಿಸಿಕೊಳ್ಳಲೇ ಇಲ್ಲ.

ಈ ಕಥೆಯನ್ನು ಇಲ್ಲಿ ನೆನೆಯುವುದು ಕೇವಲ ಗತವೈಭವದ ಹಂಬಲದಿಂದಲ್ಲ. ಮುದ್ರೆಯೊಂದಿದ್ದು ಮಾತು ಇನ್ನೊಬ್ಬರದಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಸಿಗಲಾರದು. ಕುಲಪತಿಯ ಸಂದೇಶ ಎಂಬ ಹೆಸರಿನಲ್ಲಿ ವಾರ್ಷಿಕ ಸಂಚಿಕೆಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ಭಾವಚಿತ್ರದೊಂದಿಗೆ ಅಚ್ಚಾಗುವ ಎಷ್ಟು ಬರಹಗಳನ್ನು ಕುಲಪತಿಗಳೇ ಬರೆದಿರುತ್ತಾರೆ? ‘ಸಂತಸದ ಸಂಗತಿ’, ‘ಹೆಮ್ಮೆಯ ವಿಷಯ’, ‘ಯಶಸ್ಸನ್ನು ಹಾರೈಸುತ್ತೇನೆ’ ಎಂಬ ಮೂರು ಪದಪುಂಜಗಳನ್ನು ತೆಗೆದರೆ ಅವುಗಳಲ್ಲಿ ಉಳಿಯುವುದೆಷ್ಟು? ಅದೂ ಒಂದು ಬಗೆಯಲ್ಲಿ ಖಾಲಿ ಹಾಳೆಯ ಮೇಲೆ ಒತ್ತಿದ ಮುದ್ರೆಯೇ. ಅದರಿಂದ ಯಾರ ತಲೆಯೂ ಹೋಗುವುದಿಲ್ಲ ನಿಜ, ಹೋಗುವುದು ನಂಬಿಕೆ.

ಮುಖ್ಯಸ್ಥರ ಪತ್ರವೊಂದು ಏನು ಮಾಡಬಲ್ಲದು ಎಂಬುದಕ್ಕೆ ನಿದರ್ಶನಗಳಿಗೆ ಕೊರತೆಯಿಲ್ಲ. 1969ರ ಫೆಬ್ರುವರಿಯಲ್ಲಿ, ಅಮೆರಿಕದ ಆವರಣಗಳೆಲ್ಲ ವಿಯೆಟ್ನಾಂ ಯುದ್ಧವಿರೋಧಿ ಚಳವಳಿಯಿಂದ ಕುದಿಯುತ್ತಿದ್ದಾಗ, ನೋಟ್ರೆ ಡೇಮ್ ವಿಶ್ವವಿದ್ಯಾಲಯದ ಅಧ್ಯಕ್ಷ ಫಾದರ್ ಥಿಯೊಡೋರ್ ಹೆಸ್ಬರ್ಗ್ ತಮ್ಮ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ದೀರ್ಘ ಪತ್ರ ಬರೆದರು. ಪ್ರತಿಭಟನೆಯ ಹಕ್ಕನ್ನು ಒಪ್ಪುತ್ತಲೇ, ಇತರರ ಕೆಲಸಕ್ಕೆ ಬಲವಂತದಿಂದ ಅಡ್ಡಿಪಡಿಸುವವರಿಗೆ ಯೋಚಿಸಲು ಹದಿನೈದು ನಿಮಿಷ ಕೊಡಲಾಗುವುದು, ಆ ಮೇಲೂ ನಿಲ್ಲಿಸದಿದ್ದರೆ ಶಿಸ್ತುಕ್ರಮ ಎಂದು ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಧ್ಯಕ್ಷ ನಿಕ್ಸನ್ ಅದನ್ನು ಹೊಗಳಿದಾಗ ಹೆಸ್ಬರ್ಗ್ ಹಿಗ್ಗಲಿಲ್ಲ. ವಿದ್ಯಾರ್ಥಿಗಳ ವಿರುದ್ಧ ದಮನಕಾರಿ ಕಾನೂನು ತರಬೇಡಿ ಎಂದು ಉಪಾಧ್ಯಕ್ಷರಿಗೆ ಇನ್ನೊಂದು ಪತ್ರ ಬರೆದರು. ಅವರ ನಿಲುವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ತಮ್ಮ ಮುಖ್ಯಸ್ಥರ ನಿಲುವೇನು ಎಂಬ ಬಗ್ಗೆ ಆ ಆವರಣದಲ್ಲಿ ಯಾರಿಗೂ ಸಂಶಯವಿರಲಿಲ್ಲ. ತೀರಾ ಈಚೆಗೆ, 2025ರ ಏಪ್ರಿಲ್‌ನಲ್ಲಿ, ಟ್ರಂಪ್ ಸರ್ಕಾರದ ಬೇಡಿಕೆಗಳಿಗೆ ಮಣಿಯುವುದಿಲ್ಲವೆಂಬ ಹಾರ್ವರ್ಡ್ ವಿಶ್ವವಿದ್ಯಾಲಯದ ತೀರ್ಮಾನವನ್ನು ಜಗತ್ತು ಅರಿತದ್ದು ಅದರ ಅಧ್ಯಕ್ಷ ಅಲನ್ ಗಾರ್ಬರ್ ತಮ್ಮ ಆವರಣದ ಸಮುದಾಯಕ್ಕೆ ಬರೆದ ಪತ್ರದಿಂದಲೇ.

ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಲೋಕದ ಎಲ್ಲ ವಿದ್ಯಮಾನಗಳಿಗೂ ಅಧ್ಯಕ್ಷರು ಹೇಳಿಕೆ ಕೊಡುವ ಅಭ್ಯಾಸ ಬೆಳೆದಾಗ ಅದೇ ಹಾರ್ವರ್ಡ್ ಕೈಸುಟ್ಟುಕೊಂಡಿತು. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಮೇಲೆ ಹಮಾಸ್ ದಾಳಿ ನಡೆದ ನಂತರ ಹೊರಟ ಸಂದೇಶಗಳು ಯಾರನ್ನೂ ತೃಪ್ತಿಪಡಿಸಲಿಲ್ಲ. ತನ್ನ ಮೂಲ ಕಾರ್ಯಕ್ಕೆ ಸಂಬಂಧಿಸದ ಸಾರ್ವಜನಿಕ ವಿಷಯಗಳ ಬಗ್ಗೆ ಅಧಿಕೃತ ಹೇಳಿಕೆ ನೀಡುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಅದು ನಿರ್ಧರಿಸಿತು. ಎಲ್ಲವನ್ನೂ ಮಾತನಾಡುವ ಕುಲಪತಿ ಏನನ್ನೂ ಮಾತನಾಡದ ಕುಲಪತಿಗಿಂತ ಮೇಲೇನಲ್ಲ. ತನ್ನ ಮನೆಯ ಮಾತನ್ನು ಮೊದಲು ಮನೆಯವರಿಗೆ ಹೇಳುವುದೇ ಈ ಪತ್ರಗಳ ಉದ್ದೇಶವಾಗಬೇಕು.

ಇದು ಶ್ರೀಮಂತ ದೇಶಗಳ ಸಂಪ್ರದಾಯ, ನಮಗೇಕೆ ಎಂಬ ಆಕ್ಷೇಪ ಬರಬಹುದು. ನಮ್ಮ ದೇಶದಲ್ಲಿಯೂ ಇದಕ್ಕೆ ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾಲಯದ ಮೊದಲ ಘಟಿಕೋತ್ಸವ ಭಾಷಣವನ್ನು 1918ರಲ್ಲಿ ಮಾಡಿದ ಸರ್ ಅಶುತೋಷ್ ಮುಖರ್ಜಿ ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. 1923ರಲ್ಲಿ ಗವರ್ನರ್ ಲಾರ್ಡ್ ಲಿಟ್ಟನ್ ಷರತ್ತುಗಳನ್ನು ಮುಂದಿಟ್ಟು ಮರುನೇಮಕದ ಆಸೆ ತೋರಿಸಿದಾಗ, ಅದನ್ನು ನಿರಾಕರಿಸಿ ಅವರು ಬರೆದ ಪತ್ರ ಭಾರತದ ವಿಶ್ವವಿದ್ಯಾಲಯಗಳ ಸ್ವಾಯತ್ತತೆಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಭಾಲ್ಕಿಯ ಪರಂಪರೆಯಂತೂ ಇನ್ನೂ ಹತ್ತಿರದ್ದು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತ ಭಾಷೆಯಾಗಿದ್ದು, 1918ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ ಆಗಿದ್ದ ಕಾಲವದು. ಆಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಗಡಿನಾಡಿನಲ್ಲಿ ಕನ್ನಡ ಉಳಿದ ಬಗೆಯನ್ನು ಹೇಳುವಾಗ ಇಂದಿಗೂ ಎಲ್ಲರೂ ನೆನೆಯುವ ಸಂಗತಿ ಇದು. ಆಳುವವರಿಗೆ ಒಂದು ಭಾಷೆ, ಮಕ್ಕಳಿಗೆ ಇನ್ನೊಂದು ಭಾಷೆ ಎಂಬುದನ್ನು ಅವರು ಅರಿತಿದ್ದರು. ಇಂದು ನಮ್ಮ ಉನ್ನತ ಶಿಕ್ಷಣದಲ್ಲಿ ಅದು ತಿರುಗುಮುರುಗಾಗಿದೆಯೇನೋ ಎನಿಸುತ್ತದೆ. ಹೊರಗಿನ ಫಲಕ ಕನ್ನಡದಲ್ಲಿದೆ, ಒಳಗಿನ ವ್ಯವಹಾರ ಇಂಗ್ಲಿಷಿನಲ್ಲಿ ಇಲ್ಲವೇ ಇಂಗ್ಲಿಷಿಗಿಂತಲೂ ಕಠಿಣವಾದ ಕಚೇರಿ ಕನ್ನಡದಲ್ಲಿ ನಡೆಯುತ್ತದೆ. ಔರಾದ್ ತಾಲ್ಲೂಕಿನ ಗಡಿಯ ಹಳ್ಳಿಯಲ್ಲಿ ಮರಾಠಿ ಕೇಳಿಕೊಂಡು ಬೆಳೆದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ವಿದ್ಯಾರ್ಥಿಗೆ ‘ಉಲ್ಲೇಖ’, ‘ವಿಷಯ’, ‘ಮೇಲ್ಕಂಡಂತೆ’ಗಳ ನಡುವಿನಿಂದ ತನಗೆ ಬೇಕಾದ ಒಂದು ಸಾಲನ್ನು ಹೆಕ್ಕಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಪಾಠ ಹೇಳುವವರು ಬಲ್ಲರು.

ಬೀದರ್ ಜಿಲ್ಲೆಯಲ್ಲೇ ಇನ್ನೊಂದು ವಿಶ್ವವಿದ್ಯಾಲಯವಿದೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಬೀದರಿನ ನಂದಿನಗರ. ಅದರ ಕಾಲೇಜುಗಳಾದರೋ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಗದಗ ಮತ್ತು ಮಂಗಳೂರಿನವರೆಗೆ ಹರಡಿಕೊಂಡಿವೆ. ಮಂಗಳೂರಿನಲ್ಲಿ ಮೀನುಗಾರಿಕೆ ಓದುವವನಿಗೆ ತನ್ನ ಕುಲಪತಿ ಕೂರುವ ಊರು ರಾಜ್ಯದ ಇನ್ನೊಂದು ತುದಿ. ಬೀದರ್ ವಿಶ್ವವಿದ್ಯಾಲಯಕ್ಕೂ ಹಾಲಹಳ್ಳಿಯ ಆವರಣವೆಂಬುದು ತಲೆ ಮಾತ್ರ. ಅದರ ದೇಹವಿರುವುದು ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿ, ಔರಾದ್‌ಗಳ ಸಂಯೋಜಿತ ಕಾಲೇಜುಗಳಲ್ಲಿ. ಇಂಥ ಚದುರಿದ ಸಂಸ್ಥೆಗಳನ್ನು ಕಟ್ಟಡಗಳು ಒಂದುಗೂಡಿಸಲಾರವು. ಮೂರು ವರ್ಷ ಓದಿಯೂ ಕುಲಪತಿಯ ಮುಖ ಕಾಣದೆ, ದನಿ ಕೇಳದೆ ಪದವಿ ಪಡೆದು ಹೋಗುವ ವಿದ್ಯಾರ್ಥಿಗಳೇ ಇಲ್ಲಿ ಹೆಚ್ಚು. ಅವರ ಮಟ್ಟಿಗೆ ವಿಶ್ವವಿದ್ಯಾಲಯವೆಂದರೆ ಅಂಕಪಟ್ಟಿಯ ಮೇಲಿನ ಒಂದು ಲಾಂಛನ.

ಹಾಗಾದರೆ ಆ ಓಲೆ ಹೇಗಿರಬೇಕು? ತಿಂಗಳಿಗೊಮ್ಮೆ, ಒಂದೇ ಪುಟ, ನಿಗದಿತ ದಿನದಂದು. ಪರೀಕ್ಷೆ ಯಾವಾಗ, ಫಲಿತಾಂಶ ಯಾವಾಗ, ತಡವಾದರೆ ಏಕೆ ತಡವಾಯಿತು. ಎಷ್ಟು ಬೋಧಕ ಹುದ್ದೆಗಳು ಖಾಲಿಯಿವೆ, ಅವನ್ನು ತುಂಬುವ ಕಡತ ಎಲ್ಲಿ ನಿಂತಿದೆ. ಅತಿಥಿ ಉಪನ್ಯಾಸಕರಿಗೆ ಗೌರವಧನ ಸಂದಿದೆಯೇ. ವಿದ್ಯಾರ್ಥಿನಿಲಯದ ನೀರಿನ ತೊಂದರೆಗೆ ಏನು ಮಾಡಲಾಗಿದೆ. ಹಳ್ಳಿಯ ಕೊನೆಯ ಬಸ್ಸು ಹೊರಡುವ ವೇಳೆಗೂ ತರಗತಿಯ ವೇಳೆಗೂ ಹೊಂದಾಣಿಕೆಯಾಗಿದೆಯೇ. ಇಂಥ ಐದಾರು ಸಂಗತಿಗಳಿದ್ದರೆ ಸಾಕು. ಸರಳ ಕನ್ನಡದಲ್ಲಿರಲಿ; ಅಗತ್ಯವಿರುವಲ್ಲಿ ಮರಾಠಿ, ಉರ್ದು ಅನುವಾದವೂ ಜತೆಗಿರಲಿ. ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ ಅದನ್ನು ಅಂಟಿಸಲಿ. ಕೊನೆಯಲ್ಲಿ ಉತ್ತರ ಬರೆಯಲು ಒಂದು ವಿಳಾಸವಿರಲಿ. ಬಂದ ಪ್ರಶ್ನೆಗಳಲ್ಲಿ ಎರಡಕ್ಕಾದರೂ ಮುಂದಿನ ಓಲೆಯಲ್ಲಿ ಉತ್ತರವಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬರೆಯುವವರು ಕುಲಪತಿಯೇ ಆಗಿರಲಿ.

ಪತ್ರ ಬರೆದರೆ ಖಾಲಿ ಹುದ್ದೆ ತುಂಬೀತೇ ಎಂದು ಕೇಳುವವರಿದ್ದಾರೆ. ತುಂಬುವುದಿಲ್ಲ. ಅನುದಾನ ಕೊಡುವುದು ಸರ್ಕಾರ. ಮೇಲೆ ಕುಲಾಧಿಪತಿಗಳಾದ ರಾಜ್ಯಪಾಲರಿದ್ದಾರೆ, ಪಕ್ಕದಲ್ಲಿ ಸಿಂಡಿಕೇಟ್ ಇದೆ. ನಾಲ್ಕು ವರ್ಷದ ಅವಧಿಯ ಕುಲಪತಿಯ ಕೈಯಲ್ಲಿ ಇರುವುದು ಸ್ವಲ್ಪವೇ. ಬಹಿರಂಗವಾಗಿ ಬರೆದದ್ದು ನಾಳೆ ತಮ್ಮ ಕುತ್ತಿಗೆಗೇ ಬಂದೀತೆಂಬ ಅಳುಕೂ ನಿರಾಧಾರವಲ್ಲ. ಆದರೆ ‘ಈ ವಿಷಯ ನನಗೂ ಇನ್ನೂ ತಿಳಿದಿಲ್ಲ, ತಿಳಿದ ದಿನವೇ ನಿಮಗೆ ಹೇಳುತ್ತೇನೆ’ ಎಂದು ಬರೆಯಲು ಯಾರ ಅನುದಾನವೂ ಬೇಕಿಲ್ಲ. 2025ರಂಥ ದಿನಗಳು ಮತ್ತೆ ಬಂದಾಗ ವಿದ್ಯಾರ್ಥಿಗೆ ಬೇಕಾಗುವುದು ಆ ಒಂದು ಸಾಲು. ಮೌನವಿರುವಲ್ಲಿ ವದಂತಿ ಮನೆಮಾಡುತ್ತದೆ. ಮೊದಲೇ ಪತ್ರ ಬರೆಯುವ ರೂಢಿಯಿಲ್ಲದ ಮುಖ್ಯಸ್ಥರು ಬಿಕ್ಕಟ್ಟಿನ ದಿನ ಏಕಾಏಕಿ ಬರೆದರೆ ಅದನ್ನು ಯಾರೂ ನಂಬುವುದಿಲ್ಲ. ಸಾಧಾರಣ ದಿನಗಳಲ್ಲಿ ಸಂಪಾದಿಸಿದ ವಿಶ್ವಾಸವೇ ಕಷ್ಟದ ದಿನಕ್ಕೆ ಬಂಡವಾಳ.

ಗವಾನನ ಮದರಸಾದ ಒಂದು ಪಾರ್ಶ್ವ ಔರಂಗಜೇಬನ ಕಾಲದಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಸಿಕ್ಕಿ ಕುಸಿಯಿತು. ಆ ಮೂರು ಸಾವಿರ ಹಸ್ತಪ್ರತಿಗಳು ಅಲ್ಲಿಲ್ಲ. ಅವನ ಪತ್ರಗಳು ಮಾತ್ರ ಐದು ಶತಮಾನ ದಾಟಿ ಬಂದಿವೆ. ಹಾಲಹಳ್ಳಿಯಲ್ಲಿ ಹೊಸ ಕಟ್ಟಡಗಳು ಏಳಬೇಕು, ಅದಕ್ಕೆ ಹಣವೂ ಬರಬೇಕು, ನಿಜ. ಅವೆಲ್ಲ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಅದಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಗಂಟೆಯ ಬಿಡುವು ಮತ್ತು ಕೆಳಗೆ ತಮ್ಮದೇ ಸಹಿ.