ಜ್ವರದ ಕೂಸು, ಹೊರಗಿನ ಚಿಲಕ: ಸಾಲಿಯವರು ಎಲ್ಲಿಯ ತನಕ ಬರಬಹುದು?

ಬನಹಟ್ಟಿಯ ನೇಕಾರ ಓಣಿಯಲ್ಲಿ ಹಾಡಹಗಲು ಕರೆಂಟು ಹೋದರೆ ಒಮ್ಮೆಲೇ ಕಿವಿ ಗವ್ವೆನ್ನುತ್ತದೆ. ಮುಂಜಾನೆಯಿಂದ ಬಡಿದುಕೊಳ್ಳುತ್ತಿದ್ದ ಮಗ್ಗಗಳೆಲ್ಲ ಗಪ್ಪಾಗುತ್ತವೆ. ಆ ಮೌನದಲ್ಲಿ ಒಂದು ಮನೆಯಿಂದ ಕೂಸಿನ ಕೆಮ್ಮು ಕೇಳುತ್ತದೆ. ಬಾಗಿಲಿಗೆ ಹೊರಗಿನಿಂದ ಚಿಲಕ. ಮಗ್ಗದ ಶೆಡ್ಡಿನಿಂದ ತಾಯಿ ಓಡಿ ಬರುತ್ತಾಳೆ, ಚಿಲಕ ತೆಗೆಯುತ್ತಾಳೆ, ಹಣೆ ಮುಟ್ಟಿ ನೋಡುತ್ತಾಳೆ, ಎರಡು ಗುಟುಕು ನೀರು ಕುಡಿಸುತ್ತಾಳೆ. ಅಷ್ಟರಲ್ಲಿ ಕರೆಂಟು ಬರುತ್ತದೆ. ಮತ್ತೆ ಚಿಲಕ, ಮತ್ತೆ ಮಗ್ಗ.

ಕರೆಂಟು ಹೋದರೆ ನೇಕಾರರು ಶಾಪ ಹಾಕುವುದು ಎಲ್ಲರಿಗೂ ಗೊತ್ತು. ಆದರೆ ಆ ಒಂದು ಗಳಿಗೆ ಜಡ್ಡಿನ ಕೂಸಿಗೆ ತಾಯಿಯ ಮುಖ ಕಾಣುವ ಗಳಿಗೆಯೂ ಹೌದು ಎಂಬುದನ್ನು ಯಾರು ಲೆಕ್ಕಕ್ಕೆ ಹಿಡಿದಾರು?

ಇಂಥ ಮನೆಯ ಮುಂದೆ ಸಾಲಿಯ ಅಕ್ಕೋರು ಬಂದು ನಿಂತರೆ ನಡೆಯುವ ಮಾತು ಹೀಗಿರುತ್ತದೆ:

"ಮೂರು ದಿನಾ ಆತು, ಹುಡುಗ ಸಾಲಿಗೆ ಬಂದಿಲ್ಲಲ್ಲವಾ?"

"ಉರಿ ಬಂದಾವ್ರೀ ಅಕ್ಕೋರ."

"ಮನ್ಯಾಗ ಯಾರದಾರ ನೋಡಾಕ?"

"ಅದಾಳ್ರೀ... ಅವರಜ್ಜಿ ಅದಾಳ."

ಅಜ್ಜಿ ತೀರಿಕೊಂಡು ಎರಡು ವರ್ಷವಾಗಿರುತ್ತದೆ. ಅದು ಅಕ್ಕೋರಿಗೂ ಗೊತ್ತು, ತಾಯಿಗೂ ಗೊತ್ತು. ಆದರೂ ಸುಳ್ಳು ಬರುತ್ತದೆ. ಯಾಕೆ ಬರುತ್ತದೆ ಎಂಬುದೇ ಇಂದಿನ ವಿಚಾರ.

*ಚಿಲಕ ಹಾಕಿದ ಕೈ ಕಲ್ಲಲ್ಲ*

"ಜ್ವರದ ಕೂಸನ್ನ ಬಿಟ್ಟು ಹೋಗತಾರಲ್ಲ, ಇವರೇನು ತಾಯಂದಿರೋ!" ಎಂದು ಕಟ್ಟೆಯ ಮೇಲೆ ಕೂತು ಅನ್ನುವುದು ಸಸಾರ. ಅನ್ನುವವರು ನಮ್ಮ ಸೀಮೆಯ ದುಡಿಮೆಯ ಬಗೆಯನ್ನು ಒಮ್ಮೆ ನೋಡಬೇಕು. ರಬಕವಿ-ಬನಹಟ್ಟಿಯಲ್ಲಿ ಕೂಲಿ ನೇಯ್ದ ಲೆಕ್ಕಕ್ಕೆ, ಕೂತ ಲೆಕ್ಕಕ್ಕಲ್ಲ. ಮಗ್ಗ ನಿಂತರೆ ಅಂದಿನ ಕೂಲಿಯೂ ನಿಂತಿತು. ಕಂಡಿಕೆ ಸುತ್ತುವ ಹೆಣ್ಣುಮಗಳಿಗೆ ರಜೆ ಎಂಬ ಶಬ್ದವೇ ಇಲ್ಲ.

ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಸುರುವಾದರೆ ಕಡಿಯುವ ಗ್ಯಾಂಗುಗಳು ನಸುಕಿನಲ್ಲೇ ಹೊಲಕ್ಕೆ ಇಳಿಯುತ್ತವೆ. ವಿಜಯಪುರ ಕಡೆಯಿಂದ, ಮಹಾರಾಷ್ಟ್ರದಿಂದ ಬಂದ ಕುಟುಂಬಗಳು ಹೊಲದ ಬದಿಯ ಗುಡಿಸಲಲ್ಲೇ ಇರುತ್ತವೆ. ಗುಡಿಸಲಿಗೆ ಚಿಲಕವೂ ಇಲ್ಲ. ಮುಂಗಡ ತಗೊಂಡವರು ನಡುವೆ ಕೆಲಸ ಬಿಡುವ ಹಾಗೂ ಇಲ್ಲ. ಬೀಳಗಿಯ ಕಥೆ ಬೇರೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟ ಎಷ್ಟೋ ಮನೆತನಗಳು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿವೆ. ಮನೆಗೆ ಪರಿಹಾರ ಬಂತು, ಹೊಲಕ್ಕೆ ಪರಿಹಾರ ಬಂತು. "ಸ್ವಲ್ಪ ಕೂಸಿನ ಕಡೆ ನೋಡವಾ" ಎಂದು ಹೇಳಿ ಹೋಗಲು ಇದ್ದ ಹಳೇ ನೆರೆಮನೆಗೆ ಯಾರು ಪರಿಹಾರ ಕೊಟ್ಟಾರು? ದುಡಿಯಲು ಗೋವೆಗೋ ಮಂಗಳೂರಿಗೋ ಹೋದವರ ಮಕ್ಕಳಂತೂ ಕಣ್ಣು ಮಂಜಾದ ಮುದುಕಿಯ ಸುಪರ್ದಿಯಲ್ಲಿ ಇರುತ್ತವೆ.

ಸರಕಾರ ಏನೂ ಮಾಡಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯೇ ಹೆಣ್ಣಾಳು 50ಕ್ಕಿಂತ ಹೆಚ್ಚಿದ್ದಲ್ಲಿ ಕೂಸುಗಳಿಗೆ ಒಂದು ಖೋಲಿ ಇರಬೇಕೆಂದಿತ್ತು. 1976ರಲ್ಲಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿದರು. ಆದರೆ ನಾಲ್ಕಾರು ಮಗ್ಗದ ಶೆಡ್ಡಿನಲ್ಲಿ 30 ಹೆಣ್ಣಾಳು ಎಲ್ಲಿಂದ ಬರಬೇಕು? 2023-24ರ ರಾಜ್ಯ ಬಜೆಟ್ಟಿನಲ್ಲಿ 'ಕೂಸಿನ ಮನೆ' ಘೋಷಣೆಯಾಯಿತು. ಒಳ್ಳೆಯ ಯೋಜನೆ. ಆದರೆ ಅದು ಗ್ರಾಮ ಪಂಚಾಯತಿಯ ಯೋಜನೆ, ಅದೂ ಎಳೆಗೂಸುಗಳಿಗೆ. ನಗರಸಭೆಯ ಓಣಿಯಲ್ಲಿರುವ ನೇಕಾರನ ಎಂಟು ವರ್ಷದ ಹುಡುಗನಿಗೆ ಜ್ವರ ಬಂದರೆ ಅಲ್ಲಿ ಜಾಗವಿಲ್ಲ. ಅಂಗನವಾಡಿಯ ವಯಸ್ಸು ದಾಟಿದ ಮಗುವಿಗೆ ಹಗಲು ಹೊತ್ತು ಇರುವ ಒಂದೇ ಆಸರೆ ಸಾಲಿ. ಜಡ್ಡು ಬಿದ್ದ ದಿನ ಆ ಆಸರೆಯೂ ತಪ್ಪುತ್ತದೆ.

*ಒಬ್ಬನ ಜ್ವರ, ಇಬ್ಬರ ಗೈರುಹಾಜರಿ*

ಇನ್ನೊಂದು ಮಾತು. ಹುಡುಗ ಮಲಗಿದರೆ ಎಷ್ಟೋ ಮನೆಗಳಲ್ಲಿ ಅಕ್ಕನ ಪಾಟೀಚೀಲವೂ ಗೂಟಕ್ಕೆ ಬೀಳುತ್ತದೆ. ಹತ್ತು ವರ್ಷದ ಹುಡುಗಿ ಆ ದಿನ ತಾಯಿಯಾಗುತ್ತಾಳೆ. ಗಂಜಿ ಕಾಸುವವಳು ಅವಳೇ, ಒದ್ದಿ ಬಟ್ಟೆ ಹಣೆಗೆ ಹಾಕುವವಳು ಅವಳೇ. ಹಾಜರಿ ಪುಸ್ತಕದಲ್ಲಿ ಹುಡುಗನ ಮುಂದೆ 'ಜ್ವರ' ಎಂದಾದರೂ ಬರೆಯುತ್ತಾರೆ. ಹುಡುಗಿಯ ಮುಂದೆ ಬರೀ ಗೈರುಹಾಜರಿ.

ಇದು ನಮ್ಮಲ್ಲಷ್ಟೇ ಹುಟ್ಟಿದ ಗೋಳಲ್ಲ. ಇಂಗ್ಲೆಂಡಿನಲ್ಲಿ 1880ರಲ್ಲಿ ಶಿಕ್ಷಣ ಕಡ್ಡಾಯವಾದಾಗ ಹಾಜರಿ ಅಧಿಕಾರಿಗಳು ಮನೆಮನೆಯ ಬಾಗಿಲು ಬಡಿದರು. ತಾಯಿ ಗಿರಣಿಗೆ ಹೋದ ಮನೆಗಳಲ್ಲಿ ಅವರಿಗೆ ಸಿಕ್ಕದ್ದೂ ಇದೇ: ಕೂಸು ನೋಡಿಕೊಳ್ಳಲು ಸಾಲಿ ಬಿಟ್ಟು ಕೂತ ಅಕ್ಕಂದಿರು.

*ಕೂಗಿ ಕರೆಯಲಾರದ ಜಡ್ಡು*

"ಫೋನು ಇಟ್ಟು ಬಂದೀನ್ರೀ, ಏನರ ಆದ್ರ ಫೋನ್ ಮಾಡತಾನ" ಎಂದು ಕೆಲ ತಾಯಂದಿರು ಸಮಾಧಾನ ಹೇಳಿಕೊಳ್ಳುತ್ತಾರೆ. ಈ ಸಮಾಧಾನ ಎಷ್ಟು ಪೊಳ್ಳು ಎಂಬುದನ್ನು ಬಿಡಿಸಿ ಹೇಳಲೇಬೇಕು. ಸಣ್ಣ ಮಕ್ಕಳ ಜಡ್ಡಿನಲ್ಲಿ ತಡಮಾಡದೆ ದವಾಖಾನೆಗೆ ಒಯ್ಯಬೇಕಾದ ಗುರುತು ನಾಲ್ಕು ಎಂದು ಆರೋಗ್ಯ ಇಲಾಖೆಯವರು ಕಲಿಸುತ್ತಾರೆ. ಮಗು ಏನೂ ಕುಡಿಯಲಾರದು, ತಿಂದದ್ದೆಲ್ಲ ವಾಂತಿಯಾಗುತ್ತದೆ, ಝಟಕೆ ಬರುತ್ತದೆ, ಎಬ್ಬಿಸಿದರೂ ಏಳದಂಥ ಮಂಪರು ಕವಿಯುತ್ತದೆ. ಓದುಗರು ಈ ನಾಲ್ಕನ್ನೂ ಮತ್ತೊಮ್ಮೆ ಓದಲಿ. ಮಂಪರಿನಲ್ಲಿದ್ದ ಕೂಸು ಫೋನು ಮಾಡೀತೇ? ಝಟಕೆ ಬಂದ ಕೂಸು ಕೂಗೀತೇ? ಮಗುವಿನ ದನಿಯನ್ನೇ ಕಸಿಯುವುದು ಈ ಗುರುತುಗಳ ಲಕ್ಷಣ. ಕೂಗಿದರೂ ಮಗ್ಗದ ಸಪ್ಪಳದಲ್ಲಿ ಕೇಳುವುದು ಯಾರಿಗೆ?

ಇದರ ಜೊತೆಗೆ ಮಾಡದ ಮೇಲಿನ ಗುಳಗಿ, ಹೊಲಕ್ಕೆ ಹೊಡೆಯುವ ಎಣ್ಣೆಯ ಬಾಟಲಿ, ತೆರೆದ ನೀರಿನ ಟಾಕಿ, ಒಲೆ. ಸಾಲದ್ದಕ್ಕೆ ಹೊರಗಿನ ಚಿಲಕ. ಬೆಂಕಿ ಹತ್ತಿದರೆ ಮಗು ಹೊರಗೆ ಬರಲೂ ಆಗದು, ನೆರೆಯವರಿಗೆ ಗೊತ್ತಾಗಲೂ ಆಗದು. ಆದುದರಿಂದ "ನಮ್ಮ ಕೂಸು, ನಮ್ಮ ಮನಿ, ಸಾಲಿಯವರಿಗೇನು?" ಎಂಬ ಮಾತನ್ನು ಈ ಅಂಕಣಕಾರ ಒಪ್ಪಲಾರ. ಸಾಲಿಯವರು ಕೇಳಬೇಕು. ಕೇಳುವ ಹಕ್ಕಷ್ಟೇ ಅಲ್ಲ, ಅದು ಅವರ ಕರ್ತವ್ಯವೂ ಹೌದು.

*ಕಾಯ್ದೆ ಏನನ್ನುತ್ತದೆ?*

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಅದರ 24ನೆಯ ಕಲಮಿನಲ್ಲಿ ಶಿಕ್ಷಕರ ಕರ್ತವ್ಯಗಳಿವೆ. ಪಾಲಕರೊಂದಿಗೆ ಆಗಾಗ್ಗೆ ಸಭೆ ನಡೆಸಿ ಮಗುವಿನ ಹಾಜರಿಯ ವಿಷಯ ತಿಳಿಸಬೇಕೆಂಬುದು ಅವುಗಳಲ್ಲೊಂದು. 17ನೆಯ ಕಲಮು ಮಗುವಿಗೆ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಹಾಗಾಗಿ ಜ್ವರ ಬಿಟ್ಟು ಸಾಲಿಗೆ ಬಂದ ಮಗುವನ್ನು ವರ್ಗದಲ್ಲಿ ಎದ್ದು ನಿಲ್ಲಿಸಿ "ಎಲ್ಲಿ ಸತ್ತಿದ್ದಿ?" ಎಂದು ಕೇಳುವವರು ಈ ಕಲಮನ್ನು ಓದಿಕೊಳ್ಳಲಿ. ಪಾಲಕರಿಗೆ ದಂಡ ಹಾಕುವ ಮಾತು ಆ ಕಾಯ್ದೆಯಲ್ಲಿಲ್ಲ. ಮನೆ ಹೊಕ್ಕು ತಪಾಸಣೆ ಮಾಡುವ ಅಧಿಕಾರವೂ ಶಿಕ್ಷಕರಿಗಿಲ್ಲ.

2013ರಲ್ಲಿ ನಮ್ಮ ಹೈಕೋರ್ಟು ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ಗೈರುಹಾಜರಿಯ ಮೇಲೆ ಎಲ್ಲರ ಕಣ್ಣೂ ಹೆಚ್ಚಾಯಿತು. ಒಳ್ಳೆಯದೇ. ಆದರೆ ಮೇಲಿನ ಒತ್ತಾಯ ಕೆಳಗಿಳಿಯುತ್ತ ಬಂದು ಕೊನೆಗೆ ಬಡವರ ಬಾಗಿಲಲ್ಲಿ ಗದರಿಕೆಯ ರೂಪ ತಾಳಬಾರದು.

ಇನ್ನು ಮಗುವನ್ನು ಒಂಟಿಯಾಗಿ ಬಿಡುವ ಪ್ರಶ್ನೆ. ಇಂತಿಷ್ಟು ವರ್ಷದ ಮಗುವನ್ನು ಮನೆಯಲ್ಲಿ ಒಂಟಿ ಬಿಡಬಾರದೆಂದು ನಮ್ಮ ಕಾಯ್ದೆ ವಯಸ್ಸು ಗೊತ್ತುಮಾಡಿಲ್ಲ. ಇಂಗ್ಲೆಂಡಿನಲ್ಲೂ ಇಲ್ಲ; ಬಿಟ್ಟದ್ದರಿಂದ ಮಗುವಿಗೆ ಅಪಾಯವಾಗುವಂತಿದ್ದರೆ ಅಲ್ಲಿ ಅಪರಾಧ. ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮು, ಮಗುವನ್ನು ತೊರೆಯುವುದು ಹಾಗೂ ಬೇಕೆಂದೇ ಅಲಕ್ಷಿಸಿ ಕಷ್ಟಕ್ಕೆ ಗುರಿಮಾಡುವುದು ಶಿಕ್ಷಾರ್ಹ ಎನ್ನುತ್ತದೆ. ಆದರೆ ಹೆತ್ತವರು ಕೈಮೀರಿದ ಪರಿಸ್ಥಿತಿಯಿಂದ ಮಗುವನ್ನು ತೊರೆದದ್ದಾದರೆ ಅದನ್ನು ಬೇಕೆಂದು ಮಾಡಿದ್ದೆಂದು ತಿಳಿಯಬಾರದು, ಶಿಕ್ಷೆ ಅನ್ವಯಿಸದು ಎಂದೂ ಅದೇ ಕಲಮಿನಲ್ಲಿದೆ. ಮಗುವನ್ನು ತೊರೆದವರ ವಿಷಯದಲ್ಲೇ ಕಾಯ್ದೆಗೆ ಇಷ್ಟು ಕರುಣೆ ಇದ್ದರೆ, ಸಂಜೆಗೆ ಕೂಲಿ ತಂದು ಅದೇ ಮಗುವಿಗೆ ಉಣಿಸುವ ತಾಯಿಯ ವಿಷಯದಲ್ಲಿ ನಮಗೆಷ್ಟು ಇರಬೇಕು?

ಖಾಸಗಿತನ ಎಂಬುದು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪಿತ್ತರು. ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಬಂಗಲೆಗೆ ಎಷ್ಟೋ, ಪತ್ರಾಸಿನ ಮನೆಗೂ ಅಷ್ಟೇ.

*ಹೊಸ್ತಿಲ ಈಚೆ, ಹೊಸ್ತಿಲ ಆಚೆ*

ಹಾಗಾದರೆ ಗೆರೆ ಎಲ್ಲಿ? ಹೊಸ್ತಿಲೇ ಗೆರೆ ಎಂದು ನಮ್ಮ ಅಭಿಪ್ರಾಯ. ಅಕ್ಕೋರು ಹೊಸ್ತಿಲ ತನಕ ಬರಲಿ, ವಿಚಾರಿಸಲಿ, ಕರೆದರೆ ಒಳಗೆ ಹೋಗಲಿ. ದೊಡ್ಡವರಿಲ್ಲದ ಮನೆಯ ಒಳಗೆ ಹೊಕ್ಕು ಮಗುವಿನ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ. "ಹೆಸರು ತೆಗೀತೀವಿ" ಎಂಬ ಬೆದರಿಕೆ ಬೇಡ. ಎಂಟನೆಯ ಇಯತ್ತೆ ಮುಗಿಯುವ ತನಕ ಮಗುವನ್ನು ಸಾಲಿಯಿಂದ ಹೊರಹಾಕುವಂತಿಲ್ಲ ಎಂದು ಕಾಯ್ದೆಯೇ ಹೇಳಿದೆ. ಎರಡು ದಿನದ ಜ್ವರಕ್ಕೆ ಡಾಕ್ಟರ ಸರ್ಟಿಫಿಕೇಟು ತಾ ಎಂದು ಕಾಡುವುದೂ ಬೇಡ. ಒಂದು ದಿನದ ಕೂಲಿ ಕಳಕೊಂಡವನಿಗೆ ಇನ್ನೊಂದು ದಿನದ ಕೂಲಿಯನ್ನೂ ಕಳೆದಂತೆ.

ಹೊಸ್ತಿಲು ದಾಟಲೇಬೇಕಾದ ಹೊತ್ತೂ ಒಂದಿದೆ. ಕಿಟಕಿಯಿಂದ ಕೂಗಿದರೆ ಮಗು ಓಗೊಡುವುದಿಲ್ಲ, ಅಥವಾ ಮೇಲೆ ಹೇಳಿದ ನಾಲ್ಕು ಗುರುತುಗಳಲ್ಲಿ ಒಂದು ಕಾಣುತ್ತದೆ. ಆಗ ಗೆರೆಯ ಮಾತು ಬೇಡ. ಓಣಿಯ ನಾಲ್ಕು ಮಂದಿಯನ್ನು ಕರೆದು ಚಿಲಕ ತೆಗೆಯಿರಿ, 108ಕ್ಕೆ ಫೋನು ಮಾಡಿರಿ, ತಾಯಿಗೆ ಹೇಳಿ ಕಳಿಸಿರಿ. ಅದು ಸಾಲಿಯ ಅಧಿಕಾರವಲ್ಲ, ಮನುಷ್ಯರ ಕೆಲಸ. ಪದೇ ಪದೇ ಮಗು ಅಪಾಯದಲ್ಲೇ ಇದೆಯೆಂದು ಕಂಡರೆ ಮಕ್ಕಳ ಸಹಾಯವಾಣಿ 1098 ಇದೆ. ಅದು ಕಡೆಯ ಮೆಟ್ಟಿಲಾಗಲಿ, ಮೊದಲನೆಯದಲ್ಲ.

ಸಾಲಿಯವರೂ ತಮ್ಮ ಕೈ ನೋಡಿಕೊಳ್ಳಬೇಕು. ಹನ್ನೊಂದು ಗಂಟೆಗೆ ವರ್ಗದಲ್ಲಿ ಮಗುವಿಗೆ ಮೈ ಬೆಚ್ಚಗಾಯಿತು. ಇನ್ನೊಬ್ಬ ಹುಡುಗನನ್ನು ಜೋಡಿ ಮಾಡಿ "ಮನೀಗೆ ಬಿಟ್ಟು ಬಾ" ಎಂದು ಕಳಿಸುತ್ತಾರೆ. ಮನೆಗೆ ಕೀಲಿ. ಮಗು ಕಟ್ಟೆಯ ಮೇಲೆ ಸಂಜೆಯ ತನಕ ಕೂತಿರುತ್ತದೆ. ತಾಯಿ ಒಂಟಿ ಬಿಟ್ಟರೆ ತಪ್ಪು, ಸಾಲಿ ಒಂಟಿ ಬಿಟ್ಟರೆ?

*ಮೊದಲ ಪ್ರಶ್ನೆ ಬದಲಾಗಲಿ*

ಅಜ್ಜಿಯ ಸುಳ್ಳಿಗೆ ಮರಳೋಣ. "ಯಾಕ ಬಂದಿಲ್ಲ?" ಎಂಬ ಪ್ರಶ್ನೆ ತಾಯಿಯ ಕಿವಿಗೆ ಪಂಚನಾಮೆಯಂತೆ ಕೇಳುತ್ತದೆ. ಅದರ ಹಿಂದೆಯೇ ಬಂದ "ಯಾರದಾರ?" ಎಂಬುದೂ ಹಾಗೆಯೇ. ಹೆದರಿದವಳು ಬಚ್ಚಿಡುತ್ತಾಳೆ. "ಮಾವನ ಊರಿಗೆ ಹೋಗ್ಯಾನ" ಎನ್ನುತ್ತಾಳೆ. ಇಲ್ಲವೆ ಜ್ವರದಲ್ಲೇ ಹುಡುಗನನ್ನು ಎಬ್ಬಿಸಿ ಸಾಲಿಗೆ ಅಟ್ಟುತ್ತಾಳೆ. ಬಚ್ಚಿಟ್ಟ ಕೂಸಿನಷ್ಟು ಒಂಟಿ ಕೂಸು ಬೇರಿಲ್ಲ. ಗದರಿಸುವ ಸಾಲಿ ಮಗುವನ್ನು ಕಾಪಾಡುವುದಿಲ್ಲ, ಇನ್ನಷ್ಟು ಒಳಗೆ ತಳ್ಳುತ್ತದೆ. ಅದೇ ಅಕ್ಕೋರು "ಹುಡುಗ ಹೆಂಗದಾನವಾ? ಮಧ್ಯಾಹ್ನ ಯಾರರ ನೋಡಿ ಬರಬೇಕೇನು?" ಎಂದು ಕೇಳಿದರೆ ಸತ್ತ ಅಜ್ಜಿಯನ್ನು ಎಬ್ಬಿಸಿ ಕೂಡಿಸುವ ಗರಜಿಲ್ಲ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಸಾಲಿ ಸುರುವಾಗುವ ಜೂನ್ ತಿಂಗಳಲ್ಲೇ ಪ್ರತಿ ಮಗುವಿನ ಹೆಸರಿನ ಮುಂದೆ ಹಗಲು ಹೊತ್ತು ಸಿಗುವ ಒಬ್ಬ ನೆರೆಯವರ ಹೆಸರು, ಫೋನು ಬರೆದಿಟ್ಟುಕೊಳ್ಳಲಿ. ಅದನ್ನು ಪಾಲಕರೇ ಖುಷಿಯಿಂದ ಬರೆಸಲಿ. ಎಸ್‌ಡಿಎಂಸಿಯಲ್ಲಿ ತಾಯಂದಿರಿದ್ದಾರೆ, ಓಣಿಗೆ ಒಬ್ಬರಂತೆ ಜಡ್ಡಿನ ಮಕ್ಕಳ ಕಡೆ ಒಂದು ಸುತ್ತು ಹಾಕಿ ಬರುವ ಹೊಣೆ ಹೊತ್ತರೆ ಯಾರು ಬೇಡ ಅಂದಾರು? ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿದರೆ ಮನೆಗೆ ಹೋಗಿ ನೋಡುವವರು ಅವರೇ. ಸಾಲಿಯ ಒಂದು ಮೂಲೆಯಲ್ಲಿ ಚಾಪೆ, ನೀರು ಇದ್ದರೆ ಮೈ ಬೆಚ್ಚಗಾದ ಮಗುವನ್ನು ತಾಯಿ ಬರುವ ತನಕ ಮಲಗಿಸಬಹುದು. ಮಗ್ಗದ ಮಾಲಕರು ಒಂದು ರೂಢಿ ಹಾಕಲಿ: ಜಡ್ಡಿನ ಕೂಸು ಇದ್ದವಳಿಗೆ ಎರಡು ತಾಸಿಗೊಮ್ಮೆ ಮನೆಗೆ ಹೋಗಿ ಬರುವ ಸವಲತ್ತು. ನಗರಸಭೆಯವರು ನೇಕಾರ ಓಣಿಗೊಂದು ಹಗಲಿನ ಆಸರೆ ಮನೆ ಮಾಡುವ ವಿಚಾರವನ್ನು ಸಭೆಯ ಮುಂದಿಡಲಿ. ಸಂಬಂಧಪಟ್ಟವರು ಇತ್ತ ಗಮನಕೊಡುವರೇ?

ತಾಯಂದಿರಲ್ಲೂ ಒಂದು ವಿನಂತಿ. ಹೋಗಲೇಬೇಕಾದರೆ ಹೋಗಿರವ್ವಾ, ಆದರೆ ಹೊರಗಿನ ಚಿಲಕ ಹಾಕಬೇಡಿರಿ. ನೆರೆಮನೆಗೆ ಹೇಳಿ ಹೋಗಿರಿ. ಅಕ್ಕೋರು ಬಂದು ಕೇಳಿದರೆ ಖರೇ ಹೇಳಿರಿ. ಜ್ವರದ ಕೂಸು ತಾಯಿಯ ಮುಖ ನೋಡಲು ಕರೆಂಟು ಹೋಗುವುದನ್ನು ಕಾಯುವಂತೆ ಆಗಬಾರದು.