ಹೂತು ಹುಡುಕುವ ವಿದ್ಯೆ

ನಿಧಿಯನ್ನು ಹುಡುಕಹೊರಟವನು ಮೊದಲು ತನ್ನ ಹಿತ್ತಲಿನಲ್ಲಿ ತಾನೇ ನಾಲ್ಕು ನಾಣ್ಯಗಳನ್ನು ಹೂಳಬೇಕು ಎಂದರೆ ಯಾರಿಗಾದರೂ ನಗು ಬಂದೀತು. ತಾನು ಹೂತದ್ದನ್ನು ತಾನೇ ಪತ್ತೆಮಾಡುವುದರಲ್ಲಿ ಯಾವ ಪುರುಷಾರ್ಥವಿದೆ? ಆದರೂ ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಲೋಹಶೋಧಕವನ್ನು ಹಿಡಿದು ಅಲೆಯುವ ಹವ್ಯಾಸಿಗಳಲ್ಲಿ ನುರಿತವರು ಹೊಸಬರಿಗೆ ಹೇಳುವ ಬುದ್ಧಿಮಾತುಗಳಲ್ಲಿ ಇದೂ ಒಂದು. ಹೊರನೋಟಕ್ಕೆ ಮಕ್ಕಳಾಟದಂತೆ ತೋರುವ ಈ ಅಭ್ಯಾಸದಲ್ಲಿ ವಿಚಾರಮಾಡತಕ್ಕ ಸಂಗತಿ ಬಹಳವಿದೆ.

ಲೋಹಶೋಧಕವೆಂದರೆ ಒಂದು ಕೋಲು, ಅದರ ತುದಿಗೆ ತಟ್ಟೆಯಂತಹ ಒಂದು ಸುರುಳಿ, ಕಿವಿಗೆ ಒಂದು ಹೆಡ್‌ಫೋನು. ಸುರುಳಿಯಲ್ಲಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಹಾಯಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಸಣ್ಣ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳು ತಮ್ಮದೇ ಆದ ಕ್ಷೀಣ ಕಾಂತಕ್ಷೇತ್ರವೊಂದನ್ನು ಹುಟ್ಟಿಸುತ್ತವೆ. ಯಂತ್ರವು ಕೇಳಿಸಿಕೊಳ್ಳುವುದು ಈ ಮರುದನಿಯನ್ನು. ಬೆಳ್ಳಿಯ ಮರುದನಿಗೂ ಕಬ್ಬಿಣದ ಮರುದನಿಗೂ ಕಾಲದಲ್ಲಿ ಅತಿಸೂಕ್ಷ್ಮವಾದ ಅಂತರವಿದೆ. ಅದನ್ನು ಯಂತ್ರ ಬೇರೆ ಬೇರೆ ಸ್ವರಗಳಾಗಿ ಕಿವಿಗೆ ಮುಟ್ಟಿಸುತ್ತದೆ. ಆದರೆ ಸ್ವರವನ್ನು ಕೇಳಿಸುವಲ್ಲಿಗೆ ಯಂತ್ರದ ಕೆಲಸ ಮುಗಿಯಿತು. ಅರ್ಥಮಾಡಿಕೊಳ್ಳುವ ಭಾರ ಮನುಷ್ಯನದು. ಚಿನ್ನದ ಉಂಗುರವೂ ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯುಮಿನಿಯಂ ಕೊಂಡಿಯೂ ಅನೇಕ ವೇಳೆ ಒಂದೇ ಸ್ವರದಲ್ಲಿ ಮಾತನಾಡುತ್ತವೆ!

ಇದಕ್ಕಾಗಿಯೇ ಹಿತ್ತಲಿನ ಪಾಠಶಾಲೆ. ಮೊದಲು ನಾಲ್ಕು ಮಾರಿನಷ್ಟು ಜಾಗವನ್ನು ಆರಿಸಿಕೊಂಡು, ಅಲ್ಲಿರುವ ಹಳೆಯ ಮೊಳೆ, ತಂತಿಯ ಚೂರುಗಳನ್ನೆಲ್ಲ ಯಂತ್ರದಿಂದಲೇ ಪತ್ತೆಮಾಡಿ ತೆಗೆದುಹಾಕಬೇಕು. ನೆಲ ಮೌನವಾದ ಮೇಲೆ ಎರಡು ಮೂರು ಅಡಿಗಳ ಅಂತರದಲ್ಲಿ ಒಂದೊಂದಾಗಿ ವಸ್ತುಗಳನ್ನು ಹೂಳುವುದು. ಒಂದೇ ಬಗೆಯ ಮೂರು ನಾಣ್ಯಗಳನ್ನು ಎರಡು, ನಾಲ್ಕು, ಆರು ಅಂಗುಲಗಳ ಆಳದಲ್ಲಿ; ಇನ್ನೊಂದನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ; ಮತ್ತೊಂದರ ಪಕ್ಕದಲ್ಲಿ ತುಕ್ಕು ಹಿಡಿದ ಮೊಳೆಯೊಂದನ್ನು ಸೇರಿಸಿ. ಯಾವುದು ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂಬುದನ್ನು ಪುಸ್ತಕದಲ್ಲಿ ನಕ್ಷೆ ಬರೆದಿಡಬೇಕು. ಗುರುತಿಗೆ ಮರದ ಗೂಟ ನೆಡಬಹುದು. ಕಬ್ಬಿಣದ ಗೂಟ ಸಲ್ಲದು, ಅದೇ ಕೂಗಿಕೊಳ್ಳುತ್ತದೆ.

ಇನ್ನು ಕೇಳುವ ಕೆಲಸ. ಸುರುಳಿಯನ್ನು ನೆಲಕ್ಕೆ ಸಮಾನಾಂತರವಾಗಿ, ನಿಧಾನವಾಗಿ, ಒಂದು ಬೀಸು ಇನ್ನೊಂದರ ಅಂಚನ್ನು ಮುಚ್ಚುವಂತೆ ಆಡಿಸಬೇಕು. ಬೀಸಿನ ಕೊನೆಯಲ್ಲಿ ಕೈ ಮೇಲಕ್ಕೆದ್ದರೆ ಆರು ಅಂಗುಲದ ನಾಣ್ಯ ಕಿವಿಗೆ ತಪ್ಪಿತು. ಮಲಗಿದ ನಾಣ್ಯ ಉಚ್ಚಕಂಠದಲ್ಲಿ ನುಡಿದರೆ, ಅಂಚಿನ ಮೇಲೆ ನಿಂತ ಅದೇ ನಾಣ್ಯ ಪಿಸುಗುಟ್ಟುತ್ತದೆ. ಮೊಳೆಯ ನೆರೆಯಲ್ಲಿರುವ ನಾಣ್ಯದ ಸ್ವರ ಒಡೆದು ಕೇಳುತ್ತದೆ. ಒಂದು ದಿಕ್ಕಿನಿಂದ ಬೀಸಿದಾಗ ಮೂಕವಾದದ್ದು, ಅಡ್ಡದಿಕ್ಕಿನಿಂದ ಬೀಸಿದಾಗ ಬಾಯಿ ಬಿಟ್ಟೀತು. ಈ ಭೇದಗಳು ಪುಸ್ತಕ ಓದಿದ್ದರಿಂದ ಬರತಕ್ಕವಲ್ಲ. ಉತ್ತರ ತಿಳಿದಿರುವ ಲೆಕ್ಕವನ್ನು ಮತ್ತೆ ಮತ್ತೆ ಮಾಡಿ, ಉತ್ತರ ತಿಳಿಯದ ಲೆಕ್ಕಕ್ಕೆ ಅಣಿಯಾಗುವ ಬಾಲಕನಂತೆ, ಇಲ್ಲಿ ಕಿವಿ ಪಳಗಬೇಕು.

ಆದರೆ ಈ ಅಭ್ಯಾಸದಲ್ಲಿ ಒಂದು ಅಪಾಯವೂ ಅಡಗಿದೆ. ತಾನೇ ಹೂತವನ ಕಿವಿ, ಇದೆಯೆಂದು ತಿಳಿದಿರುವುದನ್ನು ಯಂತ್ರ ನುಡಿಯುವ ಮೊದಲೇ ಕೇಳಿಬಿಡುತ್ತದೆ. ಆದ್ದರಿಂದ ಮುಂದಿನ ಹಂತದಲ್ಲಿ ಹೂಳುವ ಕೆಲಸವನ್ನು ಮನೆಯ ಬೇರೊಬ್ಬರಿಗೆ ಒಪ್ಪಿಸುವುದು ಮೇಲು. ಹೊಸದಾಗಿ ಅಗೆದು ಮುಚ್ಚಿದ ಸಡಿಲ ಮಣ್ಣು ಶತಮಾನಗಳಿಂದ ಕದಡದೆ ಕುಳಿತ ಮಣ್ಣಿನಂತಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. ಅಭ್ಯಾಸದ ನೆಲ ಬೇರೆ, ನಿಜವಾದ ನೆಲ ಬೇರೆ.

ಈ ಅಂತರ ಎಷ್ಟು ದಾರುಣವಾಗಬಹುದೆಂಬುದನ್ನು ಲೋಹಶೋಧಕದ ಚರಿತ್ರೆಯ ಮೊದಲ ಪುಟಗಳೇ ಹೇಳುತ್ತವೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡರಿಗೆ ಗುಂಡು ತಗುಲಿತು. ಕ್ಷಕಿರಣಗಳು ಇನ್ನೂ ಪತ್ತೆಯಾಗಿರದ ಕಾಲ ಅದು. ದೇಹದೊಳಗೆ ಗುಂಡೆಲ್ಲಿದೆಯೆಂದು ಕಾಣುವ ಉಪಾಯವಿರಲಿಲ್ಲ. ಟೆಲಿಫೋನಿನ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿಯ ಸುರುಳಿಗಳಿಂದ ಒಂದು ಉಪಕರಣವನ್ನು ಸಿದ್ಧಪಡಿಸಿ ಹಗಲಿರುಳು ಪರೀಕ್ಷಿಸಿದರು. ಅಂತರ್ಯುದ್ಧದಲ್ಲಿ ಗುಂಡು ತಿಂದು ಅದನ್ನು ಮೈಯಲ್ಲಿಯೇ ಹೊತ್ತಿದ್ದ ಹಳೆಯ ಸೈನಿಕನ ಮೇಲೆ ಪ್ರಯೋಗ ಮಾಡಿದಾಗ ಉಪಕರಣ ಸರಿಯಾಗಿ ನುಡಿಯಿತು. ಅಧ್ಯಕ್ಷರ ಹಾಸಿಗೆಯ ಬಳಿ ಮಾತ್ರ ಅದು ಕೈಕೊಟ್ಟಿತು. ಆಗಸ್ಟ್ 1ರ ಎರಡನೆಯ ಪ್ರಯತ್ನದಲ್ಲಿ ಒಂದೆಡೆ ಕೇಳಬೇಕಾದ ದನಿ ಹರಡಿಕೊಂಡು ಕೇಳಿತು. ಅವರು ಮಲಗಿದ್ದ ಹಾಸಿಗೆಯ ಅಡಿಯಲ್ಲಿ ಉಕ್ಕಿನ ತಂತಿಯ ಹೆಣಿಗೆಯಿತ್ತೆಂಬುದು ಬೆಲ್ಲರಿಗೆ ತಿಳಿದದ್ದು ಅನಂತರ. ಗುಂಡು ಬಲಗಡೆಯಲ್ಲಿದೆಯೆಂಬ ವೈದ್ಯರ ದೃಢನಂಬಿಕೆಯೂ ಹುಡುಕಾಟವನ್ನು ದಾರಿ ತಪ್ಪಿಸಿತ್ತು. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡ ಮೇಲೆ ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಎಡಗಡೆಯಲ್ಲಿ. ಪರೀಕ್ಷೆಯಲ್ಲಿ ಗೆದ್ದ ಯಂತ್ರ, ಪರೀಕ್ಷೆಯಲ್ಲಿ ಸೇರಿರದ ಒಂದು ಹಾಸಿಗೆಯ ಮುಂದೆ, ಪೂರ್ವಗ್ರಹದ ಮುಂದೆ ಸೋತಿತು. ಮೊಳೆಯನ್ನೂ ಅಭ್ಯಾಸದಲ್ಲಿ ಸೇರಿಸಿ ಹೂಳಬೇಕೆನ್ನುವುದರ ಮರ್ಮ ಇದೇ.

ನೆಲಬಾಂಬುಗಳನ್ನು ತೆಗೆಯುವವರಿಗಂತೂ ಇದು ಜೀವನ್ಮರಣದ ಪ್ರಶ್ನೆ. ಅಪಾಯದ ನೆಲಕ್ಕೆ ಕಾಲಿಡುವ ಮುನ್ನ ಗೊತ್ತಾದ ಲೋಹದ ತುಂಡಿನ ಮೇಲೆ ಯಂತ್ರವನ್ನು ಆಡಿಸಿ ದನಿಯನ್ನು ಖಚಿತಪಡಿಸಿಕೊಳ್ಳುವುದು ಅವರ ಕ್ರಮ. ಗೊತ್ತಿರುವುದರ ದನಿಯನ್ನು ಅರಿತಲ್ಲದೆ ಗೊತ್ತಿಲ್ಲದ್ದರ ಕಡೆಗೆ ಹೆಜ್ಜೆಯಿಡುವಂತಿಲ್ಲ.

ಹಾಗಾದರೆ ಹವ್ಯಾಸಿಗೆ ಈ ವಿದ್ಯೆಯ ಫಲವೇನು? ಹೆಚ್ಚು ಅಗೆಯುವುದೆ? ಅಲ್ಲ, ಎಲ್ಲಿ ಕೈ ತಡೆಯಬೇಕೆಂದು ತಿಳಿಯುವುದು. 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಸಫೊಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬಾತ ರೈತಮಿತ್ರನೊಬ್ಬನ ಕಳೆದುಹೋದ ಸುತ್ತಿಗೆಯನ್ನು ಹುಡುಕುತ್ತಿದ್ದ. ದೊರೆತದ್ದು ರೋಮನರ ಕಾಲದ ನಿಧಿ. ನಾಣ್ಯಗಳೇ ಸುಮಾರು 15,000. ಕೆಲವನ್ನು ತೆಗೆದ ಮೇಲೆ ಆತ ಅಗೆಯುವುದನ್ನು ನಿಲ್ಲಿಸಿ ವಿಷಯವನ್ನು ತಿಳಿಸಿದ. ಪುರಾತತ್ತ್ವಜ್ಞರು ಬಂದು ಮಣ್ಣನ್ನು ಪದರಪದರವಾಗಿ ಬಿಡಿಸಿದ್ದರಿಂದ, ಆ ಸಂಪತ್ತನ್ನು ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿಟ್ಟಿದ್ದರೆಂಬುದೂ ತಿಳಿದುಬಂತು. ಆತ ಆಸೆಯಿಂದ ಬಗೆದಿದ್ದರೆ ಚಿನ್ನ ಉಳಿಯುತ್ತಿತ್ತು, ಚರಿತ್ರೆ ಅಳಿಯುತ್ತಿತ್ತು. ಸುತ್ತಿಗೆಯೂ ಸಿಕ್ಕಿತು, ಅದೂ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು.

ಹಿತ್ತಲಿನಲ್ಲಿ ನಾಣ್ಯ ಹೂಳುವವನು ಹೂಳುವುದು ತನ್ನ ಆತುರವನ್ನು ಕೂಡ. ಪಳಗದ ಕಿವಿಗೆ ಪ್ರತಿಯೊಂದು ದನಿಯೂ ನಿಧಿ. ಆದ್ದರಿಂದ ಅದು ಹೊಲವನ್ನೆಲ್ಲ ಗುಂಡಿಮಾಡುತ್ತದೆ. ಪಳಗಿದ ಕಿವಿ ಬಹಳ ಹೊತ್ತು ಕೇಳಿ, ಒಮ್ಮೆ ಮಾತ್ರ ಗುದ್ದಲಿಗೆ ಕೈಯಿಕ್ಕುತ್ತದೆ.